50% ಸ್ಕಾಲರ್‌ಶಿಪ್ ಆಫರ್ ಲೆಟರ್ ರಿವ್ಯೂ: ತಂಗಿ ಸೀಟಿಗೆ ನಾವು ಹಾಕಿದ ಲೆಕ್ಕ

2025ರ ಏಪ್ರಿಲ್‌ನಲ್ಲಿ ನಮ್ಮನೆಗೆ ಒಂದು ದಪ್ಪ ಕವರ್ ಬಂತು. ಒಳಗೆ ತಂಗಿ ಹೆಸರು ಪ್ರಿಂಟ್ ಆಗಿರೋ ಲೆಟರ್, ಮೇಲೆ ಬಂಗಾರದ ಬಣ್ಣದ ಸೀಲು, ಅಭಿನಂದನೆಗಳು, ನಿಮಗೆ 50% ಮೆರಿಟ್ ಸ್ಕಾಲರ್‌ಶಿಪ್ ಸಿಕ್ಕಿದೆ ಅಂತ. ಸೆಕೆಂಡ್ ಪಿಯುಸಿ ರಿಸಲ್ಟ್ ಏಪ್ರಿಲ್ 8ಕ್ಕೆ ಬಂದಿತ್ತು, 16-17ಕ್ಕೆ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಪರೀಕ್ಷೆ ಬರೆದು ಮನೆಗೆ ಬಂದು ಇನ್ನೂ ಒಂದ್ ವಾರ ಆಗಿರ್ಲಿಲ್ಲ, ಅಷ್ಟರಲ್ಲೇ ಲೆಟರ್ ಹಾಜರ್. ತುಮಕೂರಲ್ಲಿ ಒಂದು ಶಿಕ್ಷಣ ಮೇಳಕ್ಕೆ ಹೋದಾಗ ಫಾರ್ಮ್ ತುಂಬಿ ಕೊಟ್ಟಿದ್ಲಂತೆ, ಅಡ್ರೆಸ್ ಹಂಗೆ ಸಿಕ್ಕಿದ್ದು. ನಮ್ಮೂರು ತಿಪಟೂರು ತಾಲ್ಲೂಕು, ನೊಣವಿನಕೆರೆ ಹತ್ರ ಒಂದು ಹಳ್ಳಿ. ಅಪ್ಪ ಆ ಲೆಟರ್‌ನ ದೇವರ ಫೋಟೋ ಮುಂದೆ ಇಟ್ಟು ಕೈ ಮುಗಿದು, ಆಮೇಲೆ ಬೀದಿಲೆಲ್ಲಾ ತೋರಿಸ್ಕೊಂಡ್ ಬಂದಿದ್ರು.

ನಾನು ಇಲ್ಲಿ ರಿವ್ಯೂ ಮಾಡ್ತಿರೋದು ಆ ಆಫರ್‌ನ. ಬೆಂಗಳೂರು ಹೊರಗಿರೋ ಒಂದು ಖಾಸಗಿ ಯೂನಿವರ್ಸಿಟಿ, ಹೆಸರು ಬರೆಯಲ್ಲ, ಯಾಕಂದ್ರೆ ಆಮೇಲೆ ಇಂಥವೇ ಇನ್ನೂ ಎರಡು ಕಡೆಯಿಂದ ಬಂದ್ವು, ಹೆಸರು ಬೇರೆ ಇದ್ರೂ ಒಳಗಿನ ಷರತ್ತು ಹೆಚ್ಚುಕಮ್ಮಿ ಒಂದೇ ಥರ ಇದ್ವು. ಈ ವರ್ಷ ಮಕ್ಕಳನ್ನ ಸೇರಿಸೋರಿಗೆ ಇದು ಉಪಯೋಗ ಆಗ್ಲಿ ಅಂತ ಪೂರ್ತಿ ಲೆಕ್ಕ ಸಮೇತ ಹಾಕ್ತಿದೀನಿ, ಉದ್ದ ಆಗುತ್ತೆ, ಓದಿ.

ಮೊದಲು ಲೆಟರ್ ಒಳಗೆ ಏನಿತ್ತು ಅಂತ. ಎಲೆಕ್ಟ್ರಾನಿಕ್ಸ್ ಬ್ರಾಂಚ್, ಟ್ಯೂಷನ್ ಫೀಸ್ ವರ್ಷಕ್ಕೆ 4,20,000. ಅದರಲ್ಲಿ ಅರ್ಧ ಮಾಫಿ ಅಂದ್ರೆ 2,10,000. ಮೊದಲನೇ ಪುಟದಲ್ಲಿ ಇಷ್ಟೇ ಇರೋದು, ಅದೂ ದೊಡ್ಡ ಅಕ್ಷರದಲ್ಲಿ. ಮೂರನೇ ಪುಟಕ್ಕೆ ಹೋದ್ರೆ ಸ್ಕಿಲ್ ಡೆವಲಪ್‌ಮೆಂಟ್ ಫೀಸು, ಲ್ಯಾಬು, ಲೈಬ್ರರಿ, ಎಕ್ಸಾಮು ಅಂತ ಎಲ್ಲಾ ಸೇರಿ 65,000, ಇದಕ್ಕೆ ಸ್ಕಾಲರ್‌ಶಿಪ್ ಅನ್ವಯ ಆಗಲ್ಲ. ಹಾಸ್ಟೆಲ್ ಮತ್ತೆ ಮೆಸ್ 1,65,000, ಹೊರಗಡೆ ಊರಿನ ಹುಡ್ಗೀರು ಮೊದಲನೇ ವರ್ಷ ಹಾಸ್ಟೆಲ್‌ನಲ್ಲೇ ಇರ್ಬೇಕು, ಅದಕ್ಕೂ ಮಾಫಿ ಇಲ್ಲ. ಕೂಡಿಸಿ ನೋಡಿ, ಸ್ಕಾಲರ್‌ಶಿಪ್ ಇಲ್ಲದೆ ವರ್ಷಕ್ಕೆ 6,50,000 ಆಗುತ್ತೆ, ಸ್ಕಾಲರ್‌ಶಿಪ್ ಕಳೆದ್ರೆ 4,40,000. ಅಂದ್ರೆ 50% ಅಂದಿದ್ದು ನಮ್ಮ ಜೇಬಿಂದ ನೋಡಿದ್ರೆ 32% ಆಯ್ತು. ಆಮೇಲೂ ಹಾಸ್ಟೆಲ್‌ನಲ್ಲೇ ಇದ್ರೆ ನಾಕು ವರ್ಷಕ್ಕೆ 17,60,000, ಅದೂ ಫೀಸು ಒಂದು ರೂಪಾಯಿನೂ ಜಾಸ್ತಿ ಆಗಲ್ಲ ಅಂತ ಇಟ್ಕೊಂಡ್ರೆ.

ಇನ್ನು ನಾಲ್ಕನೇ ಪುಟ. ಸ್ಕಾಲರ್‌ಶಿಪ್ ಎರಡನೇ ವರ್ಷಕ್ಕೆ ಮುಂದುವರೀಬೇಕು ಅಂದ್ರೆ ಸಿಜಿಪಿಎ (ಹತ್ತಕ್ಕೆ ಕೊಡೋ ಸರಾಸರಿ ಅಂಕ) 8.5ರ ಮೇಲಿರ್ಬೇಕು, ಒಂದು ಸಬ್ಜೆಕ್ಟೂ ಬ್ಯಾಕ್ ಇರಬಾರ್ದು, ಅಟೆಂಡೆನ್ಸ್ 85% ಇರ್ಬೇಕು, ಒಂದು ಸಲ ತಪ್ಪಿತು ಅಂದ್ರೆ ಮತ್ತೆ ಸಿಗಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಫಸ್ಟ್ ಸೆಮ್‌ನಲ್ಲಿ ಹಳ್ಳಿ ಕಡೆ ಮಕ್ಕಳಿಗೆ ಏನಾಗುತ್ತೆ ಅಂತ ಕಣ್ಣಾರೆ ನೋಡಿದೀನಿ. ಮ್ಯಾಥ್ಸ್‌ನಲ್ಲಿ ನೂರಕ್ಕೆ ನೂರು ತಗೊಂಡು ಬಂದೋರೂ ಹೊಸ ಜಾಗ, ಇಂಗ್ಲಿಷಲ್ಲಿ ಪಾಠ, ಮನೆ ನೆನಪು, ಎಲ್ಲಾ ಸೇರ್ಕೊಂಡು 7.2, 7.5ಕ್ಕೆ ಬಂದು ನಿಲ್ತಾರೆ, ಮೂರನೇ ಸೆಮ್ ಹೊತ್ತಿಗೆ ಸುಧಾರಿಸ್ಕೊತಾರೆ. ಆದ್ರೆ ಸುಧಾರಿಸ್ಕೊಳೋ ಹೊತ್ತಿಗೆ ಸ್ಕಾಲರ್‌ಶಿಪ್ ಹೋಗಿರುತ್ತೆ. ಹಂಗೇನಾದ್ರೂ ಆದ್ರೆ ಮೂರು ವರ್ಷಕ್ಕೆ ಇನ್ನೂ 6,30,000 ಸೇರಿ ಒಟ್ಟು 23,90,000. ಅಷ್ಟೊತ್ತಿಗೆ ಹುಡುಗಿ ಒಂದು ವರ್ಷ ಅಲ್ಲಿ ಓದಿರ್ತಾಳೆ, ಅರ್ಧದಲ್ಲಿ ಬಿಡ್ಸಕ್ಕಾಗುತ್ತಾ? ಆಗಲ್ಲ. ಎಷ್ಟೇ ಕೇಳಿದ್ರೂ ಕಟ್ಲೇಬೇಕು.

ಇಷ್ಟೆಲ್ಲಾ ಗೊತ್ತಾಗೋ ಮುಂಚೆನೇ ಫೋನ್ ಶುರು ಆಗಿತ್ತು. ಸರ್ ಸೀಟ್ ತುಂಬ್ತಾ ಇದೆ, ಮೂರು ದಿನದೊಳಗೆ 50,000 ಕಟ್ಟಿ ಬ್ಲಾಕ್ ಮಾಡ್ಕೊಳಿ, ಸಿಇಟಿ ರಿಸಲ್ಟ್ ಬರೋವರ್ಗೂ ಕಾದ್ರೆ ಸ್ಕಾಲರ್‌ಶಿಪ್ 25%ಗೆ ಇಳಿಯುತ್ತೆ ಅಂತ. ದಿನಕ್ಕೆ ಎರಡು ಸಲ. ಅಮ್ಮಂಗೆ ಒಂದ್ಸಲ, ಅಪ್ಪಂಗೆ ಒಂದ್ಸಲ. ಲೆಟರ್‌ನಲ್ಲಿ ಆ 50,000 ವಾಪಸ್ ಕೊಡಲ್ಲ ಅಂತ ಬರ್ದಿತ್ತು. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿ ಏನು ಹೇಳುತ್ತೆ ನೋಡಿದ್ರೆ ನಿಗದಿ ತಾರೀಖಿನೊಳಗೆ ಅಡ್ಮಿಷನ್ ಕ್ಯಾನ್ಸಲ್ ಮಾಡಿದ್ರೆ ಹೆಚ್ಚಂದ್ರೆ 1000 ರೂಪಾಯಿ ಮಾತ್ರ ಹಿಡ್ಕೊಂಡು ಉಳಿದಿದ್ದು ವಾಪಸ್ ಕೊಡ್ಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಕೊಳೋ ಹಂಗೂ ಇಲ್ಲ. ನಾನು ಫೋನ್ ತಗೊಂಡು ಇದನ್ನ ಕೇಳಿದೆ. ಚೆಕ್ ಮಾಡಿ ಹೇಳ್ತೀವಿ ಸರ್ ಅಂದ್ರು, ಹೇಳ್ಲಿಲ್ಲ. ಈ ಅವಸರ ಮಾಡ್ಸೋದೇ ನನಗೆ ಅತಿ ಬೇಜಾರಾಗಿದ್ದು. ಸಿಇಟಿ ರಿಸಲ್ಟ್ ಬಂದಿದ್ದು ಮೇ 24ಕ್ಕೆ, ಸೀಟ್ ಹಂಚಿಕೆ ಅದಕ್ಕಿಂತ ತಡ. ಆ ಮಧ್ಯದಲ್ಲಿರೋ ಒಂದೆರಡು ತಿಂಗಳ ಭಯ ಇದ್ಯಲ್ಲ, ಮಗೂಗೆ ಸೀಟೇ ಸಿಗದೆ ಹೋದ್ರೆ ಅನ್ನೋ ಭಯ, ಆ ಭಯದಲ್ಲೇ ಜನ ದುಡ್ಡು ಕಟ್ಬಿಡ್ತಾರೆ.

ನಮ್ಮಪ್ಪನೂ ಕಟ್ಟಕ್ಕೆ ಹೊರಟಿದ್ರು. ರಾತ್ರಿ ಊಟ ಆದ್ಮೇಲೆ ನನಗೆ ಫೋನ್ ಮಾಡಿ, "ಮಗ, ಕೆರೆ ಕಡೆ ತೋಟ ಬ್ಯಾಂಕಲ್ಲಿ ಅಡ ಇಡೋಣ ಅಂತಿದೀನಿ, ಹುಡುಗಿ ಒಳ್ಳೆ ಕಾಲೇಜಲ್ಲಿ ಓದ್ಲಿ, ಕೊಬ್ಬರಿ ರೇಟು ಹೆಂಗೂ ಚೆನ್ನಾಗೈತೆ" ಅಂದ್ರು. ನನಗೆ ಗಂಟಲು ಕಟ್ಟಿತು. ಯಾಕೆ ಅಂದ್ರೆ 2016ರಲ್ಲಿ ನನ್ನ ಮ್ಯಾನೇಜ್‌ಮೆಂಟ್ ಸೀಟಿಗೆ ಅಂತ ಅಪ್ಪ ಇಪ್ಪತ್ತು ಗುಂಟೆ ಮಾರಿದ್ರು. ನಾನು ಆಗ ಏನೂ ಕೇಳಿರ್ಲಿಲ್ಲ, ಕಾಲೇಜು ಹೆಸರು ದೊಡ್ಡದು ಅಷ್ಟೇ ಗೊತ್ತಿದ್ದಿದ್ದು. ಈಗಲೂ ಊರಿಗೆ ಹೋದ್ರೆ ಆ ಇಪ್ಪತ್ತು ಗುಂಟೆ ದಾಟ್ಕೊಂಡೇ ಮನೆಗೆ ಹೋಗ್ಬೇಕು, ಬೇರೆಯವರು ಅಲ್ಲಿ ಅಡಿಕೆ ಹಾಕಿದಾರೆ.

ಆ ಶನಿವಾರನೇ ಊರಿಗೆ ಹೋದೆ. ಬ್ಯಾಂಕ್ ಸಾಲದ ಲೆಕ್ಕ ಒಂದು ಹಾಳೇಲಿ ಬರ್ಕೊಂಡು ಹೋಗಿದ್ದೆ. ಈಗ 12 ಲಕ್ಷ ಎಜುಕೇಷನ್ ಲೋನ್ ತಗೊಂಡ್ವಿ ಅಂತ ಇಟ್ಕೊಳಿ, ವರ್ಷಕ್ಕೆ 3 ಲಕ್ಷದ ಹಾಗೆ, ಬಡ್ಡಿ 10.5%. ಓದೋ ನಾಕು ವರ್ಷ ಆಮೇಲೆ ಇನ್ನೊಂದು ವರ್ಷ ಕಂತು ಕಟ್ಟಂಗಿಲ್ಲ, ಆದ್ರೆ ಬಡ್ಡಿ ಓಡ್ತಾನೇ ಇರುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸರಳ ಬಡ್ಡಿ ಹಾಕಿದ್ರೂ ಐದು ವರ್ಷ ಮುಗಿಯೋ ಹೊತ್ತಿಗೆ 4 ಲಕ್ಷದ 41 ಸಾವಿರ ಬಡ್ಡಿನೇ ಆಗುತ್ತೆ. ಹದಿನಾರೂವರೆ ಲಕ್ಷದ ಹತ್ರ ಸಾಲ, ಹತ್ತು ವರ್ಷಕ್ಕೆ ಕಂತು ಮಾಡಿದ್ರೆ ತಿಂಗಳಿಗೆ 22 ಸಾವಿರ. ಅಪ್ಪಂಗೆ ನಾನು ರೂಪಾಯಿಲಿ ಹೇಳ್ಲಿಲ್ಲ, ಕೊಬ್ಬರಿ ಲೆಕ್ಕದಲ್ಲಿ ಹೇಳ್ದೆ. ಉಂಡೆ ಕೊಬ್ಬರಿಗೆ 2025ರ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100. ಆಗ ಮಾರ್ಕೆಟ್ ರೇಟು ಅದಕ್ಕಿಂತ ಎಷ್ಟೋ ಮೇಲಿತ್ತು ಸರಿ, ಆದ್ರೆ ಹತ್ತು ವರ್ಷ ಹಿಂಗೇ ಇರುತ್ತೆ ಅಂತ ತಿಪಟೂರಿನ ಯಾವ ರೈತನೂ ಹೇಳಲ್ಲ, ರೇಟ್ ಬಿದ್ದು ಎಪಿಎಂಸಿ ಮುಂದೆ ಕೂತಿದ್ದ ವರ್ಷಗಳು ಎಲ್ಲರಿಗೂ ನೆನಪಿದೆ. ಬೆಂಬಲ ಬೆಲೆ ಲೆಕ್ಕದಲ್ಲಿ ಪ್ರತಿ ತಿಂಗಳೂ ಹತ್ರ ಹತ್ರ ಎರಡು ಕ್ವಿಂಟಾಲ್, ತಪ್ಪದೆ, ಹತ್ತು ವರ್ಷ. ತೆಂಗಿನಕಾಯಿ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಇದ್ದು ಕೊಬ್ಬರಿ ಆಗ್ಬೇಕು. ಅಪ್ಪ ಅಟ್ಟದ ಕಡೆ ನೋಡಿ ಸುಮ್ನಾದ್ರು. ಕಾಯೋಣ ಬಿಡು ಅಂದ್ರು. ಅವತ್ತು 50,000 ಕಟ್ಟೋದು ನಿಂತಿತು.

ತಂಗಿ ಮಾತ್ರ ಒಂದಿನ ಪೂರ್ತಿ ಅತ್ಳು. ಅವಳು ಆ ಕ್ಯಾಂಪಸ್ ನೋಡ್ಕೊಂಡು ಬಂದಿದ್ಲು, ಹುಲ್ಲುಹಾಸು, ಗಾಜಿನ ಬಿಲ್ಡಿಂಗು, ಈಜುಕೊಳ. ಅವಳ ಆಸೆ ತಪ್ಪು ಅಂತ ನಾನು ಹೇಳಲ್ಲ, ಹದಿನೆಂಟು ವರ್ಷದ ಹುಡುಗಿಗೆ ಅಂಥ ಕಡೆ ಓದ್ಬೇಕು ಅನ್ನಿಸೋದು ಸಹಜ. ಅವಳಿಗೆ ನಾನು ಹೇಳಿದ್ದು ಒಂದೇ: ನಾನು ಬೇಡ ಅಂತಿಲ್ಲ, ರ‍್ಯಾಂಕ್ ಬರ್ಲಿ, ಎಲ್ಲಾ ಒಟ್ಟಿಗೆ ಇಟ್ಕೊಂಡು ನೋಡೋಣ, ಅಷ್ಟಾದ್ಮೇಲೂ ಅದೇ ಬೇಕು ಅಂದ್ರೆ ನಾನೇ ಲೋನ್‌ಗೆ ಸೈನ್ ಹಾಕ್ತೀನಿ.

ರ‍್ಯಾಂಕ್ ಬಂತು, ನಾಕು ಸಾವಿರದ ಚಿಲ್ಲರೆ. ಒಂದರಿಂದ ಹತ್ತರವರೆಗೂ ಹಳ್ಳಿ ಸ್ಕೂಲಲ್ಲೇ ಓದಿದ್ರಿಂದ ಗ್ರಾಮೀಣ ಕೋಟಾ, ಬಿಇಓ ಸಹಿ ಮಾಡಿರೋ ಸರ್ಟಿಫಿಕೇಟು ಮೊದಲೇ ಮಾಡಿಸಿ ಇಟ್ಟಿದ್ವಿ, ಜೊತೆಗೆ ಹಿಂದುಳಿದ ವರ್ಗದ 3ಬಿ ಮೀಸಲಾತಿ. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆನೂ ಬರೆದಿದ್ಲು. ಆಗ ಮೇಜಿನ ಮೇಲೆ ಬಂದ ದಾರಿಗಳು ಹೀಗಿದ್ವು. ಕಾಮೆಡ್‌ಕೆ ಮೂಲಕ ಬೆಂಗಳೂರಿನ ತುಂಬಾ ದೊಡ್ಡ ಹೆಸರಿನ ಕಾಲೇಜಲ್ಲಿ ಬಯೋಟೆಕ್ ಸಿಗೋ ಹಂಗಿತ್ತು, ಫೀಸು 2,80,000, ಪಿಜಿ (ಊಟ-ವಸತಿ) ಸೇರಿ ನಾಕು ವರ್ಷಕ್ಕೆ ಹದಿನೈದು ಲಕ್ಷದ ಮೇಲೆ, ಅವಳಿಗೆ ಬೇಕಾಗಿದ್ದು ಎಲೆಕ್ಟ್ರಾನಿಕ್ಸ್. ಸಿಇಟಿಲಿ ಒಂದು ಒಳ್ಳೆ ಖಾಸಗಿ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್, ಫೀಸು 1,10,000ದ ಆಸುಪಾಸು, ಪಿಜಿ ಸೇರಿ ಎಂಟೂವರೆ ಲಕ್ಷ. ಸರ್ಕಾರಿ ಸೀಟು ಸಿಕ್ಕಿದ್ರೆ 45 ಸಾವಿರದ ಹತ್ರ. ಆಮೇಲೆ ನಮ್ಮ ಬಂಗಾರದ ಸೀಲಿನ ಲೆಟರ್, ಹದಿನೇಳೂವರೆ ಲಕ್ಷ.

ಇಲ್ಲಿ ಹೆಸರಿನ ವಿಷ್ಯ ಹೇಳ್ಲೇಬೇಕು. ಕಾಲೇಜಿನ ಹೆಸರು ಲೆಕ್ಕಕ್ಕೇ ಬರಲ್ಲ ಅಂತ ಕೆಲವರು ಹೇಳ್ತಾರೆ, ಅದು ಸುಳ್ಳು. ನನ್ನ ಮೊದಲನೇ ಕೆಲಸ ಸಿಕ್ಕಿದ್ದು ನಮ್ಮ ಕಾಲೇಜಿಗೆ ಕಂಪನಿ ಬಂದಿದ್ರಿಂದ್ಲೇ. ಎರಡನೇ ಕೆಲಸಕ್ಕೆ ಯಾರೂ ಕಾಲೇಜ್ ಕೇಳ್ಲಿಲ್ಲ. ಹಂಗಾಗಿ ಹೆಸರು ಬೇಕು, ಆದ್ರೆ ಯಾರ ಬಾಯಲ್ಲಿ ಇರೋ ಹೆಸರು ಅನ್ನೋದು ನೋಡ್ಬೇಕು. ಬಸ್ಸಿನ ಹಿಂದೆ, ಪೇಪರಿನ ಮುಖಪುಟದಲ್ಲಿ ಇರೋ ಹೆಸರು ಬೇರೆ, ಕೆಲಸ ಕೊಡೋರಿಗೆ ಗೊತ್ತಿರೋ ಹೆಸರು ಬೇರೆ. ಮದ್ವೆ ಮನೇಲಿ ನೆಂಟರು ಹಾ ಅನ್ನೋ ಹೆಸರಂತೂ ಮೂರನೇದು. ನಾನು 2016ರಲ್ಲಿ ಮೂರನೇದಕ್ಕೆ ದುಡ್ಡು ಕಟ್ಟಿದ್ದು.

ಇದನ್ನ ಹೆಂಗೆ ನೋಡೋದು ಅಂದ್ರೆ, ಹೈಯೆಸ್ಟ್ ಪ್ಯಾಕೇಜ್ ಅಂತ ಹಾಕಿರೋ ಫ್ಲೆಕ್ಸ್ ನೋಡ್ಬೇಡಿ, ಅದು ಒಂದೇ ಹುಡುಗನ ಸಂಬಳ. ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ನಲ್ಲಿ ಭಾಗವಹಿಸೋ ಕಾಲೇಜುಗಳು ಒಂದು ಪಿಡಿಎಫ್ ಕೊಟ್ಟಿರ್ತವೆ, ಕಾಲೇಜ್ ವೆಬ್‌ಸೈಟಲ್ಲೂ ಹಾಕಿರ್ತಾರೆ. ಅದರಲ್ಲಿ ಎಷ್ಟು ಜನ ಪಾಸಾದ್ರು, ಎಷ್ಟು ಜನಕ್ಕೆ ಕೆಲಸ ಆಯ್ತು, ಸಂಬಳದ ಮೀಡಿಯನ್ ಎಷ್ಟು, ಎಲ್ಲಾ ಇರುತ್ತೆ. ಮೀಡಿಯನ್ ಅಂದ್ರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಸಿದ್ರೆ ಮಧ್ಯದಲ್ಲಿ ನಿಲ್ಲೋ ಹುಡುಗನ ಸಂಬಳ, ನಮ್ಮ ಮಕ್ಕಳು ಅಲ್ಲೇ ಎಲ್ಲೋ ಹತ್ತಿರದಲ್ಲಿ ಇರೋದು. ಅದೇ ಪಿಡಿಎಫ್‌ನಲ್ಲಿ ಇನ್ನೊಂದು ಸಾಲಿದೆ, ಎಷ್ಟು ವಿದ್ಯಾರ್ಥಿಗಳಿಗೆ ಸಂಸ್ಥೆಯ ಸ್ವಂತ ದುಡ್ಡಿಂದ ಪೂರ್ತಿ ಟ್ಯೂಷನ್ ಫೀಸ್ ವಾಪಸ್ ಸಿಗ್ತಿದೆ ಅಂತ. ಸ್ಕಾಲರ್‌ಶಿಪ್ ಅಂತ ಕರೆಯೋ ಕಡೆ ಮೊದಲು ಆ ಸಾಲು ನೋಡಿ. ನಾನೂ ತಂಗಿನೂ ಒಂದು ಭಾನುವಾರ ಕೂತ್ಕೊಂಡು ಏಳೆಂಟು ಕಾಲೇಜಿನ ಪಿಡಿಎಫ್ ತೆಗೆದು ನೋಡಿದ್ವಿ. ಅದಾದ್ಮೇಲೆ ಈಜುಕೊಳದ ಮಾತು ಅವಳೇ ಬಿಟ್ಟಳು, ನಾನು ಏನೂ ಹೇಳ್ಲಿಲ್ಲ.

ಹೆಸರಿಗೆ ದುಡ್ಡು ಕೊಡೋದೇ ಸರಿ ಅನ್ನೋ ಕಡೆಗಳೂ ಇವೆ. ಕೇಂದ್ರ ಸರ್ಕಾರದ ಇಂಜಿನಿಯರಿಂಗ್ ಕಾಲೇಜು ಸುರತ್ಕಲ್ ಎನ್‌ಐಟಿಕೆ ಸಿಕ್ಕಿದ್ರೆ ನಾವು ಒಂದು ನಿಮಿಷನೂ ಯೋಚ್ನೆ ಮಾಡ್ತಿರ್ಲಿಲ್ಲ, ಅಲ್ಲಿ ಮನೆ ಆದಾಯ ವರ್ಷಕ್ಕೆ ಒಂದು ಲಕ್ಷದೊಳಗಿದ್ರೆ ಟ್ಯೂಷನ್ ಫೀಸ್ ಪೂರ್ತಿ ಮಾಫಿ, ಒಂದರಿಂದ ಐದು ಲಕ್ಷ ಇದ್ರೆ ಮೂರರಲ್ಲಿ ಎರಡು ಭಾಗ ಮಾಫಿ, ಎಸ್‌ಸಿ ಎಸ್‌ಟಿ ಮಕ್ಕಳಿಗಂತೂ ಪೂರ್ತಿ ಮಾಫಿ. ಸಾಲಕ್ಕೂ ಈಗ ಪಿಎಂ ವಿದ್ಯಾಲಕ್ಷ್ಮಿ ಅಂತ ಸ್ಕೀಮ್ ಇದೆ, 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದ್ದು, ಪಟ್ಟಿಲಿರೋ ಸಂಸ್ಥೆಗಳಿಗೆ ಅಡಮಾನ ಇಲ್ಲದೆ ಸಾಲ, ಆದಾಯ 8 ಲಕ್ಷದೊಳಗಿದ್ರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಲಿ 3% ಸಹಾಯ. ತೋಟದ ಪತ್ರ ತಗೊಂಡು ಬ್ಯಾಂಕಿಗೆ ಹೋಗೋ ಮುಂಚೆ ನಿಮ್ಮ ಕಾಲೇಜು ಆ ಪಟ್ಟಿಲಿ ಇದ್ಯಾ ನೋಡಿ. ಸಿಇಟಿಲಿ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾನೂ ಇದೆ, ಆದಾಯ 8 ಲಕ್ಷದೊಳಗೆ ಇರೋರಿಗೆ ಟ್ಯೂಷನ್ ಫೀಸ್ ಇಲ್ಲದ 5% ಹೆಚ್ಚುವರಿ ಸೀಟು, ಖಾಸಗಿ ಕಾಲೇಜಲ್ಲೂ ಇರುತ್ತೆ, ಅಪ್ಲಿಕೇಷನ್ ಹಾಕೋವಾಗ ಕ್ಲೇಮ್ ಮಾಡೋದು ಮರೀಬೇಡಿ, ಆಮೇಲೆ ಕೇಳಿದ್ರೆ ಸಿಗಲ್ಲ.

ಸಿಇಟಿ ನಡೆಸೋ ಕೆಇಎಗೆ ಬೇಕಾದ ಕಾಲೇಜು, ಬ್ರಾಂಚ್‌ಗಳ ಪಟ್ಟಿ ಕೊಡೋದು, ಅಂದ್ರೆ ಆಪ್ಷನ್ ಎಂಟ್ರಿ, ಅದರ ಬಗ್ಗೆ ಎರಡೇ ಮಾತು. ಸಿಗುತ್ತೋ ಇಲ್ವೋ ಅಂತ ಅಂದಾಜು ಮಾಡ್ಕೊಂಡು ಆರ್ಡರ್ ಹಾಕ್ಬೇಡಿ, ನಿಮಗೆ ಯಾವುದು ಮೊದಲು ಬೇಕೋ ಅದನ್ನೇ ಮೇಲೆ ಹಾಕಿ. ನಾವು ಅರವತ್ತು ಆಪ್ಷನ್ ಹಾಕಿದ್ವಿ, ಎಲ್ಲದರ ಮುಂದೆನೂ ನಾಕು ವರ್ಷದ ಒಟ್ಟು ಖರ್ಚು ಬರ್ಕೊಂಡು ಹಾಕಿದ್ದು. ಮೊದಲನೇ ರೌಂಡಲ್ಲಿ ಬಂದಿದ್ದು ಆ ಖಾಸಗಿ ಕಾಲೇಜಿನ ಎಲೆಕ್ಟ್ರಾನಿಕ್ಸ್. ಚಾಯ್ಸ್ 2 ಕೊಟ್ವಿ, ಅಂದ್ರೆ ಇದು ಕೈಲಿರ್ಲಿ, ಮೇಲಿನದು ಸಿಕ್ಕಿದ್ರೆ ಅದಕ್ಕೆ ಹೋಗ್ತೀನಿ ಅಂತ. ಮೇಲಿನದು ಸಿಕ್ಕಿದ್ರೆ ಕೆಳಗಿನದು ಹೋಗ್ಬಿಡುತ್ತೆ, ಅದಕ್ಕೇ ಮೇಲೆ ಹಾಕಿರೋದೆಲ್ಲಾ ನಿಜವಾಗ್ಲೂ ಬೇಕಾಗಿರೋದೇ ಆಗಿರ್ಬೇಕು. ಎರಡನೇ ರೌಂಡಲ್ಲಿ ಯುವಿಸಿಇ ಬಂತು, ಕೆ.ಆರ್. ಸರ್ಕಲ್ ಯುವಿಸಿಇ, ಎಲೆಕ್ಟ್ರಾನಿಕ್ಸ್.

ಅಪ್ಪಂಗೆ ಯುವಿಸಿಇ ಅಂದ್ರೆ ಏನೂ ಅರ್ಥ ಆಗ್ಲಿಲ್ಲ, ಇದ್ಯಾವ್ದೋ ಹೊಸ ಕಾಲೇಜಾ ಅಂದ್ರು. 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿದ್ದು ಅಂತ ಅಂದ ತಕ್ಷಣ ಎದ್ದು ಕೂತ್ರು. ಕನ್ನಂಬಾಡಿ ಕಟ್ಟಿದ ವಿಶ್ವೇಶ್ವರಯ್ಯನವರಾ ಅಂತ ಎರಡು ಸಲ ಕೇಳಿದ್ರು. ಅಡ್ಮಿಷನ್ ದಿನ ಜೊತೆಗೆ ಬಂದು, ಮೆಟ್ರೋ ಇಳಿದ್ರೆ ಆ ಸ್ಟೇಷನ್ನಿಗೂ ಅವರದೇ ಹೆಸರು, ಬೋರ್ಡ್ ಮುಂದೆ ಒಂದು ಫೋಟೋ ತೆಗೆಸ್ಕೊಂಡ್ರು. ಈಗ ಅದಕ್ಕೆ ಸ್ವಂತ ಕಾಯ್ದೆ ಆಗಿ, 2021ರ ಯುವಿಸಿಇ ಕಾಯ್ದೆ, ಸ್ವಾಯತ್ತ ವಿಶ್ವವಿದ್ಯಾಲಯ ಆಗಿದೆ, ಮುಂಚೆ ಬೆಂಗಳೂರು ವಿವಿ ಕೆಳಗೆ ಇತ್ತು.

ಖರ್ಚು ಈಗಿರೋ ಹಂಗೆ: ಫೀಸು 45 ಸಾವಿರದ ಹತ್ರ, ಮಲ್ಲೇಶ್ವರದಲ್ಲಿ ಪಿಜಿ ಊಟ ಸೇರಿ ತಿಂಗಳಿಗೆ 8,500, ವರ್ಷಕ್ಕೆ 1,02,000. ಒಟ್ಟು 1,47,000, ನಾಕು ವರ್ಷಕ್ಕೆ 5,88,000. ಲೆಟರ್‌ಗೂ ಇದಕ್ಕೂ 11,72,000 ವ್ಯತ್ಯಾಸ. ಫೀಸಿಗಿಂತ ಪಿಜಿನೇ ಎರಡು ಪಟ್ಟು ಅನ್ನೋದು ಗಮನಿಸಿ, ಬೆಂಗಳೂರಲ್ಲಿ ಸರ್ಕಾರಿ ಸೀಟು ಸಿಕ್ಕಿದ್ರೂ ಹಳ್ಳಿಯವರಿಗೆ ಉಳಿಯೋ ಖರ್ಚೇ ಭಾರ, ಅದಕ್ಕೆ ಹಾಸನ, ಮಂಡ್ಯ, ಮೈಸೂರು ಕಡೆಯ ಹಳೇ ಕಾಲೇಜುಗಳ ಅನುದಾನಿತ ಸೀಟುಗಳನ್ನೂ ನಮ್ಮ ಪಟ್ಟಿಲಿ ಮೇಲೇ ಇಟ್ಟಿದ್ವಿ. ಅಲ್ಲಿ ಸರ್ಕಾರಿ ಫೀಸು, ಊಟ ವಸತಿ ಕಡಿಮೆ.

ಇನ್ನು ನಿಜವಾದ ಸ್ಕಾಲರ್‌ಶಿಪ್. ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೊಡೋ ಪ್ರಗತಿ ಅಂತ ಹುಡುಗೀರಿಗೆ ಇದೆ, ವರ್ಷಕ್ಕೆ 50,000, ಆದಾಯ 8 ಲಕ್ಷದೊಳಗೆ ಇರ್ಬೇಕು, ಒಂದು ಮನೆಯಿಂದ ಇಬ್ಬರು ಹುಡುಗೀರವರೆಗೆ. ಎಲ್ಲರಿಗೂ ಸಿಗಲ್ಲ, ರಾಜ್ಯಕ್ಕೆ ಇಷ್ಟು ಅಂತ ಇದೆ, ಮಾರ್ಕ್ಸ್ ನೋಡಿ ಕೊಡ್ತಾರೆ. ನಮ್ಮ ಹುಡುಗಿಗೆ ಸಿಕ್ತು. ಅರ್ಜಿ ಕೇಂದ್ರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ, ಆದಾಯ ಪ್ರಮಾಣಪತ್ರ ನಾಡಕಚೇರಿಲಿ ಜೂನ್‌ನಲ್ಲೇ ಮಾಡಿಸಿ ಇಟ್ಕೊಳಿ, ಬ್ಯಾಂಕ್ ಅಕೌಂಟಿಗೆ ಆಧಾರ್ ಲಿಂಕ್ ಆಗಿರ್ಬೇಕು. ಫೀಸ್ ಕಟ್ಟೋ ದಿನ ಕೈಗೆ ಬರೋ ದುಡ್ಡಲ್ಲ ಇದು, ಮೊದಲು ನಾವು ಕಟ್ಟಿ ಆಮೇಲೆ ಅಕೌಂಟಿಗೆ ಬರೋದು, ಹಂಗಾಗಿ ನಾನು ಮೇಲಿನ ಲೆಕ್ಕದಲ್ಲಿ ಇದನ್ನ ಸೇರ್ಸಿಲ್ಲ. ರಾಜ್ಯದ್ದಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಸಿಗುತ್ತೆ. ಸೀಲು ಬಂಗಾರದ್ದಲ್ಲ, ಲೆಟರ್ ಕೂಡ ಮನೆಗೆ ಬರಲ್ಲ, ನಾವೇ ಹುಡುಕ್ಕೊಂಡು ಹೋಗ್ಬೇಕು.

ಒಂದು ವರ್ಷ ಆಯ್ತು. ಫಸ್ಟ್ ಸೆಮ್‌ನಲ್ಲಿ ಅವಳಿಗೆ ಬಂದಿದ್ದು 7.6. ಫೋನಲ್ಲಿ ಹೇಳೋವಾಗ ದನಿ ಸಣ್ಣಗಿತ್ತು. ನಾನು ಆ ನಾಲ್ಕನೇ ಪುಟ ನೆನೆಸ್ಕೊಂಡೆ, 8.5. ಅಲ್ಲಿ ಆಗಿದ್ರೆ ಅವತ್ತೇ ಸ್ಕಾಲರ್‌ಶಿಪ್ ಕೈ ಬಿಡೋ ಲೆಕ್ಕ ಶುರು ಆಗಿರ್ತಿತ್ತು, ಅವಳು ಆ ಭಾರ ಹೊತ್ಕೊಂಡು ಸೆಕೆಂಡ್ ಸೆಮ್ ಓದ್ಬೇಕಿತ್ತು. ಇಲ್ಲಿ ಸೀನಿಯರ್ ಹುಡುಗೀರು ಇಬ್ಬರು, ಅವರೂ ಹಳ್ಳಿಯವರೇ, ಒಬ್ಬಳು ಯಾದಗಿರಿ ಕಡೆ, ಸಂಜೆ ಲೈಬ್ರರಿಲಿ ಕೂರಿಸ್ಕೊಂಡು ಮ್ಯಾಥ್ಸ್ ಹೇಳ್ಕೊಟ್ರು. ಸೆಕೆಂಡ್ ಸೆಮ್ 8.3 ಆಯ್ತು.

ರೇಟಿಂಗ್ ಅಂತ ಹಾಕೋದಾದ್ರೆ, ಲೆಟರ್‌ಗೆ ಐದಕ್ಕೆ ಒಂದೂವರೆ, ಷರತ್ತನ್ನ ಮುಚ್ಚಿಡದೆ ಬರೆದು ಕೊಟ್ಟಿದ್ರಲ್ಲ ಅನ್ನೋ ಕಾರಣಕ್ಕೆ ಆ ಅರ್ಧ. ದಿನಕ್ಕೆರಡು ಫೋನಿಗೆ ಸೊನ್ನೆ. ನಮ್ಮ ಸೀಟಿಗೆ ನಾನು ಕೊಡೋದು ನಾಲ್ಕೂವರೆ, ತಂಗಿ ನಾಲ್ಕು ಅಂದಳು, ಓದ್ತಿರೋಳು ಅವಳು, ಅವಳದ್ದೇ ಇಟ್ಕೊಳಿ. ನಿಮ್ಮನೆಗೂ ಈ ವರ್ಷ ಅಂಥ ಕವರ್ ಬಂದಿದ್ರೆ ಮೊದಲನೇ ಪುಟ ಪಕ್ಕಕ್ಕಿಟ್ಟು ನಾಲ್ಕನೇ ಪುಟ ಓದಿ, ನಮ್ಮದರಲ್ಲಿ ಷರತ್ತು ಅಲ್ಲಿತ್ತು. ಲೆಕ್ಕ ಹಾಕಕ್ಕೆ ಸಹಾಯ ಬೇಕಂದ್ರೆ ಕೆಳಗೆ ಫೀಸಿನ ವಿವರ ಹಾಕಿ, ನಾನು ರಾತ್ರಿ ಒಂಬತ್ತರ ಮೇಲೆ ನೋಡ್ತೀನಿ.